ಬಮಾಕೊದ ಪೆಟ್ರೋಲ್ ಬಂಕು, ನೈಜರ್ ನದಿಯ ಹುಲ್ಲು: ಸಾಹೇಲ್‌ನಲ್ಲಿ ಉಗ್ರವಾದ ಬೇರು ಬಿಟ್ಟ ಬಗೆ

2025ರ ಅಕ್ಟೋಬರ್ ಕೊನೆ. ಪಶ್ಚಿಮ ಆಫ್ರಿಕಾದ ಮಾಲಿ ದೇಶದ ಶಾಲೆ, ಕಾಲೇಜುಗಳಿಗೆಲ್ಲ ಸರ್ಕಾರ ಎರಡು ವಾರ ರಜೆ ಕೊಟ್ಟಿತು. ಮಕ್ಕಳನ್ನು, ಮೇಷ್ಟ್ರುಗಳನ್ನು ಶಾಲೆಗೆ ತಲುಪಿಸಲು ಪೆಟ್ರೋಲ್ ಇರಲಿಲ್ಲ. ರಾಜಧಾನಿ ಬಮಾಕೊ ಓಡುವುದೇ ಬೈಕ್‌ಗಳ ಮೇಲೆ. ಅಗ್ಗದ ಚೀನೀ ಬೈಕ್‌ಗಳಿಗೆ ಅಲ್ಲಿನ ಜನ 'ಜಕಾರ್ತಾ' ಅಂತ ಕರೆಯುತ್ತಾರೆ. ಆ ಬೈಕ್‌ಗಳು ಬಂಕ್‌ಗಳ ಮುಂದೆ ರಾತ್ರಿಯಿಡೀ ಸಾಲುಗಟ್ಟಿ ನಿಂತಿದ್ದವು.

ಮಾಲಿಗೆ ಸಮುದ್ರವಿಲ್ಲ. ಅಲ್ಲಿಗೆ ಇಂಧನ ಬರುವುದು ಸೆನೆಗಲ್‌ನ ಡಕಾರ್, ಐವರಿ ಕೋಸ್ಟ್‌ನ ಅಬಿಜಾನ್ ಬಂದರುಗಳಿಂದ, ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಟ್ಯಾಂಕರ್‌ಗಳಲ್ಲಿ. ಸೆಪ್ಟೆಂಬರ್‌ನಲ್ಲಿ ಅಲ್-ಕೈದಾ ನಂಟಿನ ಜೆಎನ್‌ಐಎಂ ಎಂಬ ಸಂಘಟನೆ ಈ ರಸ್ತೆಗಳನ್ನು ಮುಚ್ಚುವುದಾಗಿ ಸಾರಿತು. ಆಮೇಲೆ ಟ್ಯಾಂಕರ್‌ಗಳ ಸಾಲುಗಳನ್ನೇ ಸುಡುತ್ತಾ ಹೋಯಿತು. ರಾಜಧಾನಿಯನ್ನು ಹಿಡಿಯದೆಯೇ ಅದರ ಉಸಿರು ಕಟ್ಟಿಸಬಹುದು ಅಂತ ತೋರಿಸಿತು.

ನಮ್ಮ ಕಡೆ ಈ ಸುದ್ದಿ ಬಂದಿದ್ದು ಬೇರೆ ದಾರಿಯಿಂದ. ಜುಲೈ 1ರಂದು ಮಾಲಿಯ ಕಾಯ್ಸ್ ಪ್ರದೇಶದ ಸಿಮೆಂಟ್ ಕಾರ್ಖಾನೆಯೊಂದರಿಂದ ಮೂವರು ಭಾರತೀಯರನ್ನು ಬಂದೂಕುಧಾರಿಗಳು ಎತ್ತಿಕೊಂಡು ಹೋದರು. ನವೆಂಬರ್‌ನಲ್ಲಿ ವಿದ್ಯುತ್ ಲೈನ್ ಕೆಲಸಕ್ಕೆ ಹೋಗಿದ್ದ ಐವರ ಅಪಹರಣವಾಯಿತು. ಪಕ್ಕದ ನೈಜರ್‌ನಲ್ಲೂ ಅದೇ ವರ್ಷ ಇಂಥದ್ದೇ ಘಟನೆಗಳು ನಡೆದವು, ಭಾರತೀಯ ಕಾರ್ಮಿಕರು ಪ್ರಾಣ ಕಳೆದುಕೊಂಡರು. ಓದಿದವರಿಗೆ ಸಹಜವಾಗಿ ಗೊಂದಲ. ಇವರು ಯಾರು? ಹತ್ತು ವರ್ಷ ಫ್ರಾನ್ಸ್ ಸೇನೆ ಅಲ್ಲಿತ್ತು, ಈಗ ರಷ್ಯಾದವರು ಇದ್ದಾರೆ. ಆದರೂ ಉಗ್ರರು ಜಾಸ್ತಿ ಆಗುತ್ತಲೇ ಇರುವುದು ಹೇಗೆ?

ಅಂಚಿನ ನಾಡು

ಅರಬ್ಬಿಯಲ್ಲಿ 'ಸಾಹಿಲ್' ಅಂದರೆ ದಡ. ಸಹಾರಾ ಮರಳುಗಾಡನ್ನು ಕಡಲು ಅಂದುಕೊಂಡರೆ ಅದರ ದಕ್ಷಿಣದ ದಡವೇ ಸಾಹೇಲ್. ಈ ಪಟ್ಟಿಯ ನಡುವೆ ಇರುವ ಮೂರು ದೇಶ ಮಾಲಿ, ಬುರ್ಕಿನಾ ಫಾಸೊ, ನೈಜರ್. ಮೂರೂ ಫ್ರಾನ್ಸ್‌ನ ವಸಾಹತುಗಳಾಗಿದ್ದವು, ಮೂರಕ್ಕೂ ಸ್ವಾತಂತ್ರ್ಯ ಸಿಕ್ಕಿದ್ದು 1960ರಲ್ಲಿ.

ಜಾಗತಿಕ ಭಯೋತ್ಪಾದನಾ ಸೂಚ್ಯಂಕದ ಪ್ರಕಾರ 2024ರಲ್ಲಿ ಇಡೀ ಜಗತ್ತಿನಲ್ಲಿ ಉಗ್ರರ ದಾಳಿಗೆ ಸತ್ತವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಾಹೇಲ್‌ನವರು. ಇಪ್ಪತ್ತು ವರ್ಷದ ಹಿಂದೆ ಈ ಲೆಕ್ಕದಲ್ಲಿ ಸಾಹೇಲ್ ಹೆಸರೇ ಇರಲಿಲ್ಲ ಅನ್ನಬಹುದು. ಬುರ್ಕಿನಾದಲ್ಲಿ ಸುಮಾರು ಹತ್ತರಲ್ಲಿ ಒಬ್ಬರು ಮನೆ ಬಿಟ್ಟು ಓಡಬೇಕಾಯಿತು.

ಅಳಿಸಿ ಮತ್ತೆ ಬರೆದ ದೇಶ

ಬುರ್ಕಿನಾ ಫಾಸೊದ ಹಳೆಯ ಹೆಸರು ಅಪ್ಪರ್ ವೋಲ್ಟಾ. 1932ರಲ್ಲಿ ಫ್ರೆಂಚರು ಈ ವಸಾಹತನ್ನೇ ನಕ್ಷೆಯಿಂದ ತೆಗೆದುಹಾಕಿದರು. ನೆಲವನ್ನು ಮೂರು ಪಾಲು ಮಾಡಿ ಐವರಿ ಕೋಸ್ಟ್, ನೈಜರ್, ಮಾಲಿಗೆ (ಆಗ ಅದು ಫ್ರೆಂಚ್ ಸೂಡಾನ್) ಹಂಚಿದರು. ಐವರಿ ಕೋಸ್ಟ್‌ನ ತೋಟಗಳಿಗೆ ಆಳು ಬೇಕಿತ್ತು. ನೈಜರ್ ನದಿಗೆ ಮಾರ್ಕಾಲಾ ಎಂಬಲ್ಲಿ ಅಣೆಕಟ್ಟು ಕಟ್ಟಿ ಹತ್ತಿ, ಭತ್ತ ಬೆಳೆಯುವ ಯೋಜನೆಗೂ ಆಳು ಬೇಕಿತ್ತು. ಅಪ್ಪರ್ ವೋಲ್ಟಾದಲ್ಲಿ ಜನ ಜಾಸ್ತಿ. ಎಳೆದುಕೊಂಡು ಹೋಗಿ ಬಿಟ್ಟಿ ದುಡಿಸಿದರು. 1947ರಲ್ಲಿ ಅದೇ ವಸಾಹತನ್ನು ಮತ್ತೆ ಹುಟ್ಟಿಸಿದರು.

ವಸಾಹತು ಆಡಳಿತ ಹೇಗಿತ್ತು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಅಲ್ಲಿ ಸರ್ಕಾರ ಅಂದರೆ ತೆರಿಗೆ, ಬಿಟ್ಟಿ ಕೂಲಿ, ಸೇನೆಗೆ ಭರ್ತಿ. ಹತ್ತಿ, ಕಡಲೆಕಾಯಿ ಬೆಳೆಯುವ ದಕ್ಷಿಣದಲ್ಲಿ ಒಂದಿಷ್ಟು ರಸ್ತೆ, ಶಾಲೆ ಆದವು. ಉತ್ತರದ ಮರಳುಗಾಡಿನ ಅಂಚಿಗೆ ಸಿಪಾಯಿಗಳ ಠಾಣೆ ಸಾಕು ಅಂದುಕೊಂಡರು. 1960ರಲ್ಲಿ ಬಾವುಟ ಬದಲಾಯಿತು. ಠಾಣೆ, ತೆರಿಗೆ, ದೂರದ ರಾಜಧಾನಿ ಹಾಗೇ ಉಳಿದವು.

ಉತ್ತರದ ಟುವಾರೆಗ್ ಜನರಿಗೆ ಇದು ಮೊದಲು ತಟ್ಟಿತು. ಒಂಟೆ, ಮೇಕೆ ಸಾಕುತ್ತಾ ಮರಳುಗಾಡಿನಲ್ಲಿ ಓಡಾಡುವ ಈ ಸಮುದಾಯ ಈಗ ನಾಲ್ಕೈದು ದೇಶಗಳಲ್ಲಿ ಹರಿದು ಹಂಚಿಹೋಗಿದೆ. 1963ರಲ್ಲಿ ಮಾಲಿಯ ಟುವಾರೆಗರು ದಂಗೆ ಎದ್ದರು. ಹೊಸ ಸರ್ಕಾರ ಅದನ್ನು ಕ್ರೂರವಾಗಿ ಹೊಸಕಿತು. 1970ರ ದಶಕದ ಆರಂಭದಲ್ಲಿ, ಮತ್ತೆ 1980ರ ದಶಕದ ನಡುವೆ ಭೀಕರ ಬರ ಬಂತು. ಮಂದೆಗಳು ಸತ್ತವು. ಕೆಲಸ ಹುಡುಕಿ ಲಿಬಿಯಾಕ್ಕೆ ಹೋದ ಯುವಕರ ಕೈಗೆ ಅಲ್ಲಿನ ಸರ್ವಾಧಿಕಾರಿ ಗಡಾಫಿ ಬಂದೂಕು ಕೊಟ್ಟ.

ಉತ್ತರದಿಂದ ಬಂದ ಹಣ, ಬಂದೂಕು

ಮುಂದಿನ ಕೊಂಡಿ ಅಲ್ಜೀರಿಯಾ. ಅದೂ ಫ್ರಾನ್ಸ್‌ನ ಹಳೆಯ ವಸಾಹತೇ. 1992ರ ಜನವರಿಯಲ್ಲಿ ಅಲ್ಲಿನ ಸೇನೆ ಇಸ್ಲಾಮಿಕ್ ಪಕ್ಷ ಗೆಲ್ಲುತ್ತಿದ್ದ ಚುನಾವಣೆಯನ್ನು ರದ್ದು ಮಾಡಿತು. ನಂತರದ ಅಂತರ್ಯುದ್ಧದಲ್ಲಿ ಸೋತು ದಕ್ಷಿಣಕ್ಕೆ ಸರಿದ ಗುಂಪೊಂದು 2003ರಲ್ಲಿ ಸಹಾರಾದಲ್ಲಿ 32 ಯುರೋಪಿಯನ್ ಪ್ರವಾಸಿಗರನ್ನು ಅಪಹರಿಸಿತು. ಅವರಲ್ಲಿ ಕೆಲವರನ್ನು ಉತ್ತರ ಮಾಲಿಯವರೆಗೆ ಕರೆತಂದು ಬಿಟ್ಟಿತು. ಅವರಿಗಾಗಿ ದೊಡ್ಡ ಮೊತ್ತ ಕೈ ಬದಲಾಯಿತೆಂದು ಆಗಲೇ ವರದಿಯಾಗಿತ್ತು. ಅಪಹರಣ ಒಂದು ವ್ಯಾಪಾರವಾಯಿತು. 2007ರಲ್ಲಿ ಈ ಗುಂಪು ಅಲ್-ಕೈದಾದ ಹೆಸರಿಟ್ಟುಕೊಂಡಿತು. ಭಾರತೀಯ ಕಾರ್ಮಿಕರ ಅಪಹರಣದ ಸುದ್ದಿಯ ಬೇರು ಇಲ್ಲಿದೆ. ವಿದೇಶಿ ನೌಕರ ಅಂದರೆ ಅಲ್ಲಿ ಒತ್ತೆಹಣ.

2011ರಲ್ಲಿ ನೇಟೊ ದಾಳಿಯ ನಡುವೆ ಗಡಾಫಿ ಸತ್ತ. ಅವನ ಸೇನೆಯಲ್ಲಿದ್ದ ಟುವಾರೆಗರು ಲಾರಿಗಟ್ಟಲೆ ಆಯುಧದ ಸಮೇತ ಮಾಲಿಗೆ ಮರಳಿದರು. 2012ರ ಜನವರಿಯಲ್ಲಿ ಪ್ರತ್ಯೇಕ ದೇಶಕ್ಕಾಗಿ ಯುದ್ಧ ಶುರು. ಮಾರ್ಚ್‌ನಲ್ಲಿ, ನಮಗೆ ಸರಿಯಾದ ಆಯುಧವೇ ಕೊಟ್ಟಿಲ್ಲ ಅಂತ ಸಿಟ್ಟಾದ ಮಾಲಿ ಸೈನಿಕರು ತಮ್ಮದೇ ಸರ್ಕಾರವನ್ನು ಉರುಳಿಸಿದರು. ಆ ಗೊಂದಲದಲ್ಲಿ ಅರ್ಧ ದೇಶ ಕೈತಪ್ಪಿತು. ಕೆಲವೇ ತಿಂಗಳಲ್ಲಿ ಜಿಹಾದಿ ಗುಂಪುಗಳು ಪ್ರತ್ಯೇಕತಾವಾದಿಗಳನ್ನೂ ಪಕ್ಕಕ್ಕೆ ತಳ್ಳಿದವು. ಉತ್ತರದ ಹಳೆಯ ನಗರ ಟಿಂಬಕ್ಟುವಿನ ಸಂತರ ಗೋರಿಗಳನ್ನು ಗುದ್ದಲಿ ಹಿಡಿದು ಒಡೆದರು. ಶತಮಾನಗಳಿಂದ ಅಲ್ಲಿನ ಮುಸ್ಲಿಮರೇ ಕೈಮುಗಿಯುತ್ತಿದ್ದ ಗೋರಿಗಳವು.

ಇಲ್ಲಿ ಇಯಾದ್ ಅಗ್ ಗಾಲಿ ಎಂಬ ವ್ಯಕ್ತಿಯನ್ನು ಗಮನಿಸಬೇಕು. 1990ರಲ್ಲಿ ಟುವಾರೆಗ್ ದಂಗೆ ಶುರು ಮಾಡಿದವನು ಇವನೇ. ಆಗ ಅವನ ಮಾತಿನಲ್ಲಿ ಷರಿಯಾ ಇರಲಿಲ್ಲ, ಟುವಾರೆಗರ ಹಕ್ಕಿತ್ತು. ಆಮೇಲೆ ರಾಜಿಯಾಗಿ ಸರ್ಕಾರದ ಪರವಾಗಿ ಸೌದಿಯ ಜಿದ್ದಾದಲ್ಲಿ ರಾಜತಾಂತ್ರಿಕನೂ ಆಗಿದ್ದ. 2011ರ ಕೊನೆಯಲ್ಲಿ ಪ್ರತ್ಯೇಕತಾವಾದಿಗಳ ನಾಯಕತ್ವ ಸಿಗದಿದ್ದಾಗ ಜಿಹಾದಿ ಗುಂಪು ಕಟ್ಟಿದ. ಇವತ್ತು ಜೆಎನ್‌ಐಎಂ ಮುಖ್ಯಸ್ಥ ಅವನೇ. ಹಳೆಯ ಜಗಳ ಹೊಸ ಬಾವುಟ ಹಿಡಿಯುವುದು ಹೇಗೆ ಅಂತ ಈ ಒಬ್ಬನ ಬದುಕಿನಲ್ಲೇ ಕಾಣುತ್ತದೆ.

ಬುರ್ಗು ಹುಲ್ಲಿನ ಜಗಳ

ಇಲ್ಲಿಯವರೆಗಿನದು ಉತ್ತರದ ಕತೆ. 2013ರಲ್ಲಿ ಫ್ರೆಂಚ್ ಸೇನೆ ಬಂದು ಉತ್ತರದ ಊರುಗಳನ್ನು ಕೆಲವೇ ವಾರಗಳಲ್ಲಿ ಬಿಡಿಸಿತು. ಕತೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ 2015ರ ಹೊತ್ತಿಗೆ ಬೆಂಕಿ ದೇಶದ ನಡುಭಾಗಕ್ಕೆ ಹಬ್ಬಿತು. ನನ್ನ ಪ್ರಕಾರ ಇಡೀ ಸಾಹೇಲ್ ಸಮಸ್ಯೆ ಅರ್ಥವಾಗಬೇಕಾದರೆ ನೋಡಬೇಕಾದ್ದು ಈ ನಡುಭಾಗವನ್ನೇ.

ಇಲ್ಲಿ ನೈಜರ್ ನದಿ ಸಮುದ್ರ ಮುಟ್ಟುವ ಮೊದಲೇ ಹತ್ತಾರು ಕವಲಾಗಿ ಹರಡಿಕೊಳ್ಳುತ್ತದೆ. ನೆರೆ ಬಂದಾಗ ನೀರಿನೊಳಗೇ ಬುರ್ಗು ಎಂಬ ಹುಲ್ಲು ಆಳುದ್ದ ಬೆಳೆಯುತ್ತದೆ. ನೀರಿಳಿದ ಮೇಲೆ, ಸುತ್ತಲೂ ಎಲ್ಲ ಒಣಗಿರುವಾಗ, ಈ ಹುಲ್ಲು ಲಕ್ಷಾಂತರ ದನಗಳ ಜೀವ. ಮಳೆಗಾಲದಲ್ಲಿ ದೂರದ ಮಾರಿಟೇನಿಯಾದ ಗಡಿಯವರೆಗೂ ಮಂದೆ ಹೊಡೆದುಕೊಂಡು ಹೋದ ಫುಲಾನಿ ಎಂಬ ದನಗಾಹಿ ಸಮುದಾಯದ ಹುಡುಗರು ಆಗ ಮರಳುತ್ತಾರೆ. ಜಾಫರಾಬೆ ಎಂಬ ಊರಿನಲ್ಲಿ ಮಂದೆಗಳು ನದಿ ಈಜಿ ದಾಟುವ ದಿನ ದೊಡ್ಡ ಹಬ್ಬ. ಹೆಂಗಸರು ಸಿಂಗರಿಸಿಕೊಂಡು ದಡದಲ್ಲಿ ಕಾಯುತ್ತಾರೆ. ಚೆನ್ನಾಗಿ ಮೇದು ಕೊಬ್ಬಿದ ಮಂದೆಗೆ ಬಹುಮಾನ. ಯುನೆಸ್ಕೊ ಪಟ್ಟಿಯಲ್ಲೂ ಈ ಹಬ್ಬ ಇದೆ.

ಯಾರ ಮಂದೆ ಯಾವಾಗ ಇಳಿಯಬೇಕು ಎಂಬ ಕಟ್ಟಳೆ ಗಟ್ಟಿಯಾದದ್ದು 1818ರಲ್ಲಿ ಶುರುವಾದ ಮಾಸಿನಾ ರಾಜ್ಯದ ಕಾಲದಲ್ಲಿ. ಜೋರೊ ಎಂಬ ಹುಲ್ಲುಗಾವಲಿನ ಒಡೆಯರು ಅದನ್ನು ನಡೆಸುತ್ತಿದ್ದರು. ಫ್ರೆಂಚರು ಬಂದ ಮೇಲೆ ಈ ಒಡೆಯರು ಆಡಳಿತದ ಕೈಯಾಳಾದರು. ಮಾರ್ಕಾಲಾ ಅಣೆಕಟ್ಟು ನದಿಯ ನೀರನ್ನು ತಿರುಗಿಸಿತು, ನೆರೆ ತಗ್ಗಿತು. ಸ್ವತಂತ್ರ ಸರ್ಕಾರ ನೆಲವೆಲ್ಲ ತನ್ನದು ಅಂದಿತು. ಬರದ ನಂತರ ಬುರ್ಗು ಬೆಳೆಯುವ ಜಾಗದಲ್ಲೇ ಭತ್ತದ ಯೋಜನೆಗಳು ಬಂದವು. ಹುಲ್ಲು ಕಡಿಮೆಯಾಯಿತು, ಮೇಯಿಸಲು ಕೇಳುವ ಹಣ ಏರಿತು. ಜೋರೊ ಅಧಿಕಾರಿಗೆ ಕೊಡಬೇಕು, ಅದನ್ನು ದನಗಾಹಿಯಿಂದ ವಸೂಲು ಮಾಡಬೇಕು. ಕೊಂಬೆ ಕಡಿದರೆ ಅರಣ್ಯ ಇಲಾಖೆಯ ಗಾರ್ಡ್ ದಂಡ ಹಾಕುತ್ತಾನೆ, ರಸೀದಿ ಕೊಡುವುದಿಲ್ಲ. ಗೋಮಾಳ ಒತ್ತುವರಿಯಾದ ಊರುಗಳಲ್ಲಿ ದನ ಸಾಕಿದವರಿಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ. ಕೋರ್ಟಿಗೆ ಹೋದರೆ ಯಾರ ಬಳಿ ಜಾಸ್ತಿ ದುಡ್ಡಿದೆಯೋ ಅವರ ಕಡೆ ತೀರ್ಪು. ಮತ್ತೊಬ್ಬ ಅಧಿಕಾರಿ ಬಂದರೆ ಕೇಸು ಮತ್ತೆ ಮೊದಲಿನಿಂದ.

ಇಂಥ ಜಾಗಕ್ಕೆ ಅಮದು ಕುಫಾ ಬಂದ. ಹಳ್ಳಿ ಹಳ್ಳಿ ತಿರುಗುವ ಬೋಧಕ, ಮುಂದೆ ಜೆಎನ್‌ಐಎಂ ನಾಯಕರಲ್ಲಿ ಒಬ್ಬನಾದ. ಜನರ ಮಾತಾದ ಫುಲ್ಫುಲ್ಡೆಯಲ್ಲೇ ಮಾತಾಡುತ್ತಿದ್ದ, ಅವನ ಕ್ಯಾಸೆಟ್‌ಗಳು ಸಂತೆಗಳಲ್ಲಿ ಓಡುತ್ತಿದ್ದವು. ಹುಲ್ಲು ದೇವರದ್ದು, ಅದಕ್ಕೆ ಇಷ್ಟೊಂದು ಹಣ ಯಾಕೆ ಕೊಡಬೇಕು ಅನ್ನುವುದು ಅವನ ಕಡೆಯವರ ವಾದ. ಬಂದೂಕು ಹಿಡಿದ ಮೇಲೆ ಅವರು ಮೇವಿನ ಹಣವನ್ನು ಇಳಿಸಿದರು. ಅರಣ್ಯ ಗಾರ್ಡ್‌ಗಳನ್ನು ಓಡಿಸಿದರು. ಜಗಳಗಳಿಗೆ ಖಾಜಿಗಳನ್ನು ಕೂರಿಸಿದರು. ಅವರ ತೀರ್ಪು ಕಠಿಣ, ಆದರೆ ಆ ವಾರವೇ ಬರುತ್ತಿತ್ತು, ಲಂಚವಿಲ್ಲದೆ ಬರುತ್ತಿತ್ತು.

ಇದರ ಬೆಲೆಯನ್ನೂ ಜನ ತೆತ್ತರು. ಸರ್ಕಾರಿ ಶಾಲೆ ಮುಚ್ಚಿಸಿದರು. ಮದುವೆಯಲ್ಲಿ ಹಾಡು, ಕುಣಿತ ನಿಲ್ಲಿಸಿದರು. ಹೆಂಗಸರ ಓಡಾಟಕ್ಕೆ ಕಡಿವಾಣ ಹಾಕಿದರು. ಎದುರು ಮಾತಾಡಿದ ಊರ ಮುಖಂಡರನ್ನು, ಇಮಾಮರನ್ನು ಕೊಂದರು. ಜನ ಇವರನ್ನು ಪ್ರೀತಿಸಿದರು ಅಂತ ಬರೆದರೆ ಸುಳ್ಳಾಗುತ್ತದೆ. ದೂರು ಕೇಳುವವರು ಬೇರೆ ಯಾರೂ ಇಲ್ಲದ ಕಡೆ ಇವರು ಬಂದು ಕೂತರು.

ಸೇನೆಯೇ ಭರ್ತಿ ಮಾಡಿಕೊಟ್ಟಾಗ

ಕುಫಾನ ಜೊತೆ ಹೋದವರಲ್ಲಿ ಫುಲಾನಿಗಳು ಹೆಚ್ಚು. ಹಾಗಾಗಿ ಎಲ್ಲ ಫುಲಾನಿಗಳೂ ಉಗ್ರರು ಎಂಬ ಅನುಮಾನ ಹಬ್ಬಿತು. ಉಳಿದ ಸಮುದಾಯಗಳು ಕಾವಲು ಪಡೆ ಕಟ್ಟಿಕೊಂಡವು. ಸರ್ಕಾರಗಳು ಅದನ್ನು ಸಹಿಸಿಕೊಂಡವು, ಬುರ್ಕಿನಾದಲ್ಲಂತೂ 2020ರಿಂದ ಕಾನೂನು ಮಾಡಿಯೇ ಊರ ಜನರಿಗೆ ಬಂದೂಕು ಕೊಟ್ಟರು. 2019ರ ಮಾರ್ಚ್ 23ರಂದು ಮಾಲಿಯ ಒಗೊಸಾಗು ಎಂಬ ಫುಲಾನಿ ಹಳ್ಳಿಯಲ್ಲಿ 150ಕ್ಕೂ ಹೆಚ್ಚು ಜನರ ಕೊಲೆಯಾಯಿತು. 2022ರ ಮಾರ್ಚ್‌ನಲ್ಲಿ ಮೌರಾ ಎಂಬ ಊರಿನಲ್ಲಿ ಮಾಲಿ ಸೇನೆ ಮತ್ತು ಜೊತೆಗಿದ್ದ ವಿದೇಶಿ ಹೋರಾಟಗಾರರು ಕನಿಷ್ಠ 500 ಜನರನ್ನು ಕೊಂದರು ಎಂದು ವಿಶ್ವಸಂಸ್ಥೆಯ ತನಿಖೆ ಹೇಳಿತು. ಸರ್ಕಾರ ಅವರೆಲ್ಲ ಉಗ್ರರು ಅಂದಿತು.

ದನಗಳು ನದಿ ದಾಟುವ ಹಬ್ಬದ ಊರು ಜಾಫರಾಬೆ ಅಂದೆನಲ್ಲ. 2025ರ ಮೇ 12ರಂದು ಆ ಊರಿನ ದನದ ಸಂತೆಯಿಂದ ಸೈನಿಕರು ಫುಲಾನಿ ಗಂಡಸರನ್ನು ಹಿಡಿದು ದೋಣಿಯಲ್ಲಿ ಆಚೆ ದಡಕ್ಕೆ ಒಯ್ದರು. ಮನೆಯವರು ಹುಡುಕುತ್ತಾ ಹೋದಾಗ ಗುಂಡಿಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಹೆಣ ಸಿಕ್ಕವು. ಸೇನೆ ತನಿಖೆ ಮಾಡುತ್ತೇವೆ ಎಂದಿತು.

ಅಂಥ ಮನೆಯ ಹುಡುಗ ಮುಂದೆ ಎಲ್ಲಿಗೆ ಹೋಗುತ್ತಾನೆ? ವಿಶ್ವಸಂಸ್ಥೆಯ ಅಭಿವೃದ್ಧಿ ಸಂಸ್ಥೆ 2023ರಲ್ಲಿ ಆಫ್ರಿಕಾದ ಎಂಟು ದೇಶಗಳ ಅಧ್ಯಯನವೊಂದನ್ನು ಪ್ರಕಟಿಸಿತು. ಉಗ್ರ ಸಂಘಟನೆ ಸೇರಿದವರನ್ನೇ ಮಾತಾಡಿಸಿದ್ದರು. ಕಾರಣ ಕೇಳಿದಾಗ ನಾಲ್ಕರಲ್ಲಿ ಒಬ್ಬರು ಕೆಲಸ, ಸಂಪಾದನೆ ಅಂದರು. ಧರ್ಮ ಅಂದವರು ನೂರಕ್ಕೆ 17. ಸುಮಾರು ಅರ್ಧದಷ್ಟು ಮಂದಿ ಯಾವುದೋ ಒಂದು ಘಟನೆಯಿಂದಾಗಿ ಸೇರಿದೆವು ಅಂದರು. ಅವರಲ್ಲಿ ನೂರಕ್ಕೆ 71 ಮಂದಿಗೆ ಆ ಘಟನೆ ಮಾನವ ಹಕ್ಕಿನ ಉಲ್ಲಂಘನೆ, ಅದರಲ್ಲೂ ಹೆಚ್ಚಾಗಿ ಸರ್ಕಾರಿ ಪಡೆಗಳಿಂದ ಆದದ್ದು.

ಮೂರು ವಾದಗಳು

ಕಾರಣ ಏನು ಅಂತ ಕೇಳಿದರೆ ಮುಖ್ಯವಾಗಿ ಮೂರು ಉತ್ತರ ಬರುತ್ತವೆ.

ಒಂದು, ಇದೆಲ್ಲ ಹೊರಗಿನಿಂದ ಬಂದ ಜಿಹಾದಿ ಸಿದ್ಧಾಂತ. ಇದರಲ್ಲಿ ನಿಜವಿದೆ. ಸಂಘಟನೆಯ ಹೆಸರು, ಅಪಹರಣದ ಹಣ, ಬಾಂಬ್ ತಯಾರಿಸುವ ವಿದ್ಯೆ ಹೊರಗಿನಿಂದಲೇ ಬಂದವು. ಆದರೆ ಅದೇ ಸಿದ್ಧಾಂತ ಸೆನೆಗಲ್‌ನ ಬಾಗಿಲಲ್ಲೂ ನಿಂತಿದೆ. ಅಲ್ಲೂ ಬಹುತೇಕರು ಮುಸ್ಲಿಮರೇ, ಅದೂ ಫ್ರೆಂಚ್ ವಸಾಹತೇ. ಅಲ್ಲಿ ಇಷ್ಟು ಬೇರು ಬಿಡಲಿಲ್ಲ. ಸೂಫಿ ಪಂಥಗಳ ಹಿಡಿತ, ಒಮ್ಮೆಯೂ ಸೇನಾ ದಂಗೆ ಕಾಣದ ಆಡಳಿತ ಅಲ್ಲಿ ಅಡ್ಡ ನಿಂತವು ಅನ್ನುತ್ತಾರೆ.

ಎರಡು, ಎಲ್ಲಕ್ಕೂ ಫ್ರಾನ್ಸ್ ಕಾರಣ. ಇವತ್ತು ಮೂರೂ ರಾಜಧಾನಿಗಳ, ಅಂದರೆ ಮಾಲಿಯ ಬಮಾಕೊ, ಬುರ್ಕಿನಾದ ವಾಗಾಡುಗು, ನೈಜರ್‌ನ ನಿಯಾಮೆಯ ಬೀದಿಗಳಲ್ಲಿ ಅತಿ ಜೋರಾಗಿ ಕೇಳುವ ಮಾತಿದು, ಈ ದೇಶಗಳನ್ನು ಆಳುವ ಮೂರೂ ಸೇನಾ ಸರ್ಕಾರಗಳ ಬಂಡವಾಳವೂ ಹೌದು. ಸಿಟ್ಟಿಗೆ ಆಧಾರವಿದೆ. 1945ರಲ್ಲಿ ಫ್ರಾನ್ಸ್ ಶುರು ಮಾಡಿದ ಸಿಎಫ್‌ಎ ಫ್ರಾಂಕ್ ನಾಣ್ಯವೇ ಈ ಮೂರೂ ದೇಶಗಳಲ್ಲಿ ಚಲಾವಣೆಯಲ್ಲಿದೆ. ನೈಜರ್‌ನ ಆರ್ಲಿಟ್‌ನಲ್ಲಿ ತೆಗೆದ ಯುರೇನಿಯಂ ದಶಕಗಳ ಕಾಲ ಫ್ರಾನ್ಸ್‌ನ ವಿದ್ಯುತ್ ಸ್ಥಾವರಗಳಿಗೆ ಹೋಯಿತು, ನೈಜರ್‌ನ ಹಳ್ಳಿಗಳು ಕತ್ತಲಲ್ಲೇ ಉಳಿದವು. 2021ರ ಜನವರಿಯಲ್ಲಿ ಮಾಲಿಯ ಬೌಂಟಿ ಎಂಬಲ್ಲಿ ಫ್ರೆಂಚ್ ವಿಮಾನ ಬಾಂಬ್ ಹಾಕಿದ್ದು ಮದುವೆ ಕೂಟದ ಮೇಲೆ ಎಂದು ವಿಶ್ವಸಂಸ್ಥೆ ಹೇಳಿತು, ಫ್ರಾನ್ಸ್ ಒಪ್ಪಲಿಲ್ಲ. ಆದರೆ ಅರಣ್ಯ ಗಾರ್ಡ್‌ನ ಲಂಚಕ್ಕೆ, ಜಾಫರಾಬೆಯ ಗುಂಡಿಗಳಿಗೆ ಪ್ಯಾರಿಸ್ ಉತ್ತರ ಕೊಡಲಾರದು.

ಮೂರು, ಹವಾಮಾನ. ಮಳೆ ಏರುಪೇರಾಗಿದೆ, ಜನಸಂಖ್ಯೆ ಏರಿದೆ, ನೆಲ ಅಷ್ಟೇ ಇದೆ. ಇದೂ ನಿಜ. ಆದರೂ ಹುಲ್ಲು ಕಡಿಮೆಯಾದದ್ದಕ್ಕೆ ಬರದಷ್ಟೇ ಅಣೆಕಟ್ಟು, ಭತ್ತದ ಗದ್ದೆ ಕಾರಣ ಅಂತ ಆಗಲೇ ನೋಡಿದೆವು.

ನನಗೆ ಕಾಣುವುದು ಇಷ್ಟು. ವಸಾಹತು ಆಡಳಿತ ಹಳ್ಳಿಯವರಿಂದ ಕಿತ್ತುಕೊಳ್ಳುವ ಸರ್ಕಾರವನ್ನು ಕಟ್ಟಿತು. ನಂತರ ಬಂದವರು ಅದನ್ನು ಬದಲಿಸಲಿಲ್ಲ. ನ್ಯಾಯ ಕೊಡದ ಸರ್ಕಾರ ಇದ್ದ ಜಾಗಕ್ಕೆ ಹೊರಗಿನ ಸಿದ್ಧಾಂತ, ಹಣ, ಬಂದೂಕು ಬಂದು ಸೇರಿದವು.

ಫ್ರಾನ್ಸ್ ಹೋಯಿತು, ರಷ್ಯಾ ಬಂತು

2013ರ ಫೆಬ್ರವರಿಯಲ್ಲಿ ಫ್ರೆಂಚ್ ಅಧ್ಯಕ್ಷ ಒಲಾಂಡ್ ಟಿಂಬಕ್ಟುವಿಗೆ ಬಂದಾಗ ಜನ ಫ್ರಾನ್ಸ್ ಬಾವುಟ ಹಿಡಿದು ಕುಣಿದಿದ್ದರು. ಹತ್ತು ವರ್ಷದಲ್ಲಿ ಅದೇ ಬಾವುಟ ಸುಟ್ಟರು. ನಡುವೆ ಆದದ್ದು ಇದು: ಫ್ರೆಂಚ್ ಸೇನೆ ಒಬ್ಬೊಬ್ಬ ನಾಯಕನನ್ನು ಹೊಡೆಯುತ್ತಾ ಹೋಯಿತು, ಹಳ್ಳಿಗಳಲ್ಲಿ ಕೋರ್ಟು, ಪೊಲೀಸು, ಶಾಲೆ ಮರಳಲಿಲ್ಲ. ಉತ್ತರದ ಕಿಡಾಲ್ ಊರಿಗೆ ಮಾಲಿ ಸೇನೆಯನ್ನೇ ಫ್ರೆಂಚರು ಬಿಡಲಿಲ್ಲ ಎಂಬ ನೋವು ಬಮಾಕೊದಲ್ಲಿ ಇನ್ನೂ ಹಸಿಯಾಗಿದೆ.

ಸಾಯುತ್ತಿದ್ದ ಸೈನಿಕರ ಸಿಟ್ಟೂ ಏರಿತು. 2021ರ ನವೆಂಬರ್‌ನಲ್ಲಿ ಬುರ್ಕಿನಾದ ಇನಾಟಾ ಠಾಣೆಯ ಮೇಲೆ ದಾಳಿಯಾಗಿ ಐವತ್ತಕ್ಕೂ ಹೆಚ್ಚು ಮಂದಿ ಸತ್ತರು. ಆ ಪಡೆಗೆ ವಾರಗಟ್ಟಲೆ ರೇಷನ್ ತಲುಪಿರಲಿಲ್ಲ, ಪ್ರಾಣಿ ಬೇಟೆಯಾಡಿ ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದರು. ಎರಡೇ ತಿಂಗಳಲ್ಲಿ ಅಲ್ಲಿ ಸೇನಾ ದಂಗೆ ಆಯಿತು. ಮಾಲಿಯಲ್ಲಿ 2020 ಮತ್ತು 2021ರಲ್ಲಿ, ಬುರ್ಕಿನಾದಲ್ಲಿ 2022ರಲ್ಲಿ ಎರಡು ಸಲ, ನೈಜರ್‌ನಲ್ಲಿ 2023ರಲ್ಲಿ ಸೇನೆ ಅಧಿಕಾರ ಹಿಡಿಯಿತು. ಫ್ರೆಂಚ್ ಸೇನೆಯನ್ನು ಮೂರೂ ದೇಶಗಳು ಕಳಿಸಿಕೊಟ್ಟವು. ಮಾಲಿಯಲ್ಲಿ 300ಕ್ಕೂ ಹೆಚ್ಚು ಶಾಂತಿಪಾಲಕರನ್ನು ಕಳೆದುಕೊಂಡ ವಿಶ್ವಸಂಸ್ಥೆಯ ಪಡೆಯೂ 2023ರ ಕೊನೆಗೆ ಗಂಟು ಕಟ್ಟಿತು. ರಷ್ಯಾದ ವಾಗ್ನರ್ ಎಂಬ ಬಾಡಿಗೆ ಪಡೆ ಬಂತು, ಈಗ ಅದರ ಜಾಗದಲ್ಲಿ ರಷ್ಯಾ ಸರ್ಕಾರದ್ದೇ ಪಡೆಯಾದ ಆಫ್ರಿಕಾ ಕೋರ್ ಇದೆ. ಬಂದವರು ಬೇರೆ, ವಿಧಾನ ಇನ್ನಷ್ಟು ಒರಟು. ಮೌರಾ ನಡೆದದ್ದು ಈ ಹೊತ್ತಿನಲ್ಲೇ.

ಮುಂದೇನು?

ಜೆಎನ್‌ಐಎಂ ಬಮಾಕೊಗೆ ನುಗ್ಗಿ ಆಳುತ್ತದೆಯೇ ಎಂಬುದೇ ಎಲ್ಲರ ಪ್ರಶ್ನೆ. ಲಕ್ಷಾಂತರ ಜನರ ನಗರವನ್ನು ಆಳುವುದಕ್ಕೆ ಬೇಕಾದಷ್ಟು ಜನ ಅದರ ಬಳಿ ಇಲ್ಲ ಅನ್ನುವವರು ಹೆಚ್ಚು. ಆದರೆ ಅದಕ್ಕೆ ಆಳಲೇಬೇಕೆಂದಿಲ್ಲ. ರಸ್ತೆ ಮುಚ್ಚಿ, ಸರ್ಕಾರವನ್ನು ಬಳಲಿಸಿ, ಮಾತುಕತೆಗೆ ಎಳೆಯಬಹುದು. ದಕ್ಷಿಣದ ಬೆನಿನ್, ಟೋಗೊ ಗಡಿಗೂ ದಾಳಿಗಳು ಇಳಿದಿವೆ. 2025ರ ಏಪ್ರಿಲ್‌ನಲ್ಲಿ ಬೆನಿನ್ 54 ಸೈನಿಕರನ್ನು ಒಂದೇ ದಿನ ಕಳೆದುಕೊಂಡಿತು. ಮೂರು ಸೇನಾ ಸರ್ಕಾರಗಳು ಪಶ್ಚಿಮ ಆಫ್ರಿಕಾದ ಒಕ್ಕೂಟದಿಂದ ಹೊರನಡೆದಿರುವುದರಿಂದ ಗಡಿಯ ಎರಡೂ ಬದಿಯ ಸೇನೆಗಳು ಮಾತಾಡಿಕೊಳ್ಳುವುದೂ ಕಡಿಮೆ. ಉಗ್ರರಿಗೆ ಇದಕ್ಕಿಂತ ಅನುಕೂಲ ಬೇರೆ ಬೇಕೇ?

ಮಾತುಕತೆ ಅಂದರೆ ಏನು ಅನ್ನುವುದಕ್ಕೆ ಮಾಲಿಯ ಫರಾಬುಗು ಹಳ್ಳಿಯನ್ನು ನೋಡಬೇಕು. 2020ರ ಅಕ್ಟೋಬರ್‌ನಲ್ಲಿ ಉಗ್ರರು ಆ ಊರನ್ನು ಸುತ್ತುವರಿದರು. ಹೊಲಕ್ಕೆ ಹೋಗುವಂತಿಲ್ಲ, ಸಂತೆಗೆ ಹೋಗುವಂತಿಲ್ಲ. ಸೇನೆ ಬಂದರೂ ಮುತ್ತಿಗೆ ಬಿಡಿಸಲಾಗಲಿಲ್ಲ. 2021ರಲ್ಲಿ ದೇಶದ ಇಸ್ಲಾಮಿಕ್ ಮಂಡಳಿಯ ಹಿರಿಯರು ನಡುವೆ ನಿಂತು ಒಪ್ಪಂದ ಮಾಡಿಸಿದರು. ಊರಿನ ಬೇಟೆಗಾರರು ಬಂದೂಕು ಹಿಡಿಯಬಾರದು, ಹೆಂಗಸರು ತಲೆ ಮುಚ್ಚಿಕೊಳ್ಳಬೇಕು, ಬದಲಿಗೆ ರಸ್ತೆ ತೆರೆಯುತ್ತಾರೆ. ಹಳ್ಳಿಯವರು ಒಪ್ಪಿದರು, ಬಿತ್ತನೆ ಹತ್ತಿರ ಬಂದಿತ್ತು. ಕೆಲವೇ ತಿಂಗಳಲ್ಲಿ ಒಪ್ಪಂದ ಮುರಿಯಿತು. 2025ರ ಆಗಸ್ಟ್‌ನಲ್ಲಿ ಅಲ್ಲಿನ ಸೇನಾ ನೆಲೆಯೇ ಜೆಎನ್‌ಐಎಂ ಕೈಗೆ ಬಿತ್ತು. ಬಮಾಕೊಗೆ ಹೋಗುವ ಟ್ಯಾಂಕರ್‌ಗಳನ್ನು ಅವರು ತಡೆದದ್ದು ಅದರ ಮರು ತಿಂಗಳು.